ಎರಡೂ ಕೈಲಿ ಬಿಗಿದದ್ದು

ನನ್ನ ಎಡಗೈ ತೋರುಬೆರಳಿಗೆ ತುದಿ ಇಲ್ಲ. ಏನಾಯ್ತು ಅಂತ ಯಾರಾದರೂ ಕೇಳಿದರೆ ಒಂಬತ್ತು ವರ್ಷ ಒಂದೇ ಉತ್ತರ ಕೊಟ್ಟಿದ್ದೇನೆ: ‘ಹೆಂಡ್ತಿ ಪುಣ್ಯ.’ ಕೇಳಿದವರು ನಗುತ್ತಿದ್ದರು. ನಗಿಸುವುದರಲ್ಲಿ ನಾನು ಮುಂದು, ಸಿಟ್ಟಿನಲ್ಲಿ ಇನ್ನೂ ಮುಂದು.

ಊರ ಪಕ್ಕದ ಕೊಳಾರದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು, ಬೀದರಿನ ನಮ್ಮ ಮನೆಯ ಹಿಂದಿನ ತಗಡಿನ ಪತ್ರಾಸ್ ಶೆಡ್ಡಿನಲ್ಲಿ ಕಟ್ಟಿಗೆ ಕಡೆಯುವುದು ನನ್ನ ಹುಚ್ಚು. ಲೇತ್ ಮಷಿನ್ ಭಾಲ್ಕಿಯಲ್ಲಿ ಅಂಗಡಿ ಮುಚ್ಚಿದ ಒಬ್ಬ ಬಡಿಗೇರನಿಂದ ತಂದದ್ದು. ಲಟ್ಟಣಿಗೆ, ಕಡಗೋಲು, ತೊಟ್ಟಿಲ ಕಾಲು ಎಲ್ಲ ಅದರ ಮೇಲೆಯೇ ಆದವು. ಗಿರಗಿರ ತಿರುಗುವ ಕಟ್ಟಿಗೆಯ ಮುಂದೆ ಉಳಿಯನ್ನು ಆನಿಸಿ ಹಿಡಿಯಲು ಒಂದು ಕಬ್ಬಿಣದ ಆಸರೆ ಇರುತ್ತದೆ, ರೆಸ್ಟ್ ಅನ್ನುತ್ತೇವೆ. ಕೆಲಸ ಸಾಗಿದ ಹಾಗೆ ಅದನ್ನು ಸರಿಸಬೇಕು, ಸರಿಸಿದ ಮೇಲೆ ಅದರ ಹಿಡಿಕೆ ತಿರುಗಿಸಿ ಬಿಗಿಯಬೇಕು. ಉಳಿ ನನ್ನದು, ಹಿಡಿಕೆ ಹೆಂಡತಿಯದು. ನಾನು ಹೂಂ ಅಂದರೆ ಸಾಕು, ಅವಳು ಮಷಿನ್ ನಿಲ್ಲಿಸಿ ರೆಸ್ಟ್ ಸರಿಸಿ ಬಿಗಿಯುತ್ತಿದ್ದಳು. ತಲೆ ತುಂಬ ಕಟ್ಟಿಗೆಯ ಹೊಟ್ಟು ಬಿದ್ದರೂ ಅವಳಿಗೆ ಆ ಕೆಲಸ ಸೇರುತ್ತಿತ್ತು.

‘ಈ ಹಿಡಿಕಿ ನಡುವ ಹಿಡೀತದ್ರಿ. ಒಮ್ಮಿ ಬಿಚ್ಚಿ ನೋಡ್ರಿ’ ಎಂದು ಮಷಿನ್ ತಂದ ವಾರವೇ ಹೇಳಿದ್ದಳು. ಹಳೇ ಮಾಲು, ಹಾಗೇ ಇರುತ್ತದೆ ಅಂದೆ. ಆಮೇಲೂ ಎರಡು ಮೂರು ಸಲ ಹೇಳಿದಳು. ನಾನು ಬಿಚ್ಚಲಿಲ್ಲ.

ಒಂದು ಭಾನುವಾರ ತೊಟ್ಟಿಲ ಕಾಲು ಕಡೆಯುವಾಗ ರೆಸ್ಟ್ ಜಾರಿತು. ಉಳಿ ಕಟ್ಟಿಗೆಯೊಳಗೆ ಕಚ್ಚಿಕೊಂಡಿತು, ಬೆರಳು ಕಟ್ಟಿಗೆಗೂ ಕಬ್ಬಿಣಕ್ಕೂ ನಡುವೆ ಸಿಕ್ಕಿತು. ರಕ್ತ ಕಂಡಾಗ ನನ್ನ ಬಾಯಿಂದ ಮೊದಲು ಬಂದದ್ದು ನೋವಿನ ಕೂಗಲ್ಲ.

‘ಬಿಗದಿಲ್ಲ ನೀ.’

‘ಬಿಗದೀನ್ರಿ. ಎರಡೂ ಕೈಲಿ ಬಿಗದೀನಿ’ ಅಂದಳು, ಸೆರಗಿನಿಂದ ನನ್ನ ಕೈ ಸುತ್ತುತ್ತ.

‘ಬಿಗದಿದ್ರ ಜಾರ್ತಿತ್ತೇನ?’

ಬೆರಳು ಹೋದವನು ನಾನು, ಹಾಗಾಗಿ ನನ್ನ ಮಾತೇ ನಡೆಯಿತು.

ಆವತ್ತಿನಿಂದ ಅವಳು ಶೆಡ್ಡಿನ ಹೊಸ್ತಿಲು ದಾಟಲಿಲ್ಲ. ಚಹಾ ತಂದರೂ ಬಾಗಿಲ ಬಳಿಯ ಸ್ಟೂಲಿನ ಮೇಲಿಟ್ಟು ಹೋಗುತ್ತಿದ್ದಳು. ಬಿಗಿಯುವ ಕೆಲಸವೂ ನನಗೇ ಬಂತು. ಕೊನೆಗೆ ಹಿಡಿಕೆಗೆ ಸುತ್ತಿಗೆಯಿಂದ ಎರಡೇಟು ಹಾಕುವುದು ರೂಢಿಯಾಯಿತು. ನನ್ನ ಕೈಯಲ್ಲಿ ಅದು ಒಮ್ಮೆಯೂ ಜಾರಲಿಲ್ಲ, ಅದನ್ನೇ ಸಾಕ್ಷಿ ಮಾಡಿಕೊಂಡೆ. ಅವಳ ತವರು ಠಾಣಾ ಕುಶನೂರಿಗೆ ಹೋದಾಗಲೆಲ್ಲ ಮೊಂಡುಬೆರಳು ಎತ್ತಿ ಹಿಡಿದು, ‘ಇದು ನಿಮ್ಮ ಮಗಳು ಕಡದದ್ದು’ ಅನ್ನುತ್ತಿದ್ದೆ. ಮನೆ ತುಂಬ ನಗು. ಅವಳೂ ಒಂದಿಷ್ಟು ನಕ್ಕು, ನೀರು ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದಳು.

ಹೋದ ವರ್ಷ ಅವಳ ಕಿಡ್ನಿ ಕೈಕೊಟ್ಟವು. ಬೀದರಿನ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಅವಳ ಮಂಚದ ಪಕ್ಕ ಕೂತು ಮೋಸಂಬಿ ಸುಲಿಯುತ್ತಿದ್ದೆ. ಅವಳು ನನ್ನ ಬೆರಳನ್ನೇ ನೋಡುತ್ತ ಅಂದಳು:

‘ಆವತ್ತಿಂದು ಮನಸಿನ್ಯಾಗ ಇಟ್ಕೋಬ್ಯಾಡ್ರಿ. ಬಿಗದಿದ್ದೆ ಅಂತೇ ಅನಸ್ತದ. ಆದ್ರ ಇಷ್ಟ ವರ್ಷ ನೀವು ಅಂತೀರಿ ಅಂದ್ರ, ನಾನೇ ಮರ್ತಿರಬೇಕು. ಮಾಫ್ ಮಾಡ್ರಿ.’

‘ಯಾವಾಗೋ ಮಾಫ್ ಮಾಡೀನಿ ಬಿಡು’ ಅಂದೆ.

ದೊಡ್ಡ ಮನಸ್ಸಿನವನ ಹಾಗೆ ಅಂದೆ. ಹೇಳಲು ನಾಚಿಕೆಯಾಗುತ್ತದೆ, ಆ ಹೊತ್ತು ನನ್ನ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು. ಅದೇ ವಾರ ಅವಳು ತೀರಿಕೊಂಡಳು.

ಈ ಬೇಸಿಗೆಯಲ್ಲಿ ಹಿಡಿಕೆ ಪೂರಾ ಕಚ್ಚಿಕೊಂಡಿತು, ಸುತ್ತಿಗೆಗೂ ಜಗ್ಗಲಿಲ್ಲ. ಎಣ್ಣೆ ಬಿಟ್ಟು ಎರಡು ದಿನ ಕಾದು, ಕೊನೆಗೂ ಬಿಚ್ಚಿದೆ. ಹಿಡಿಕೆಯ ಸರಳು ಹಾದುಹೋಗುವ ತೂತಿನಲ್ಲಿ ಹೊಟ್ಟು, ಎಣ್ಣೆ ಕೂಡಿ ಗಟ್ಟಿಯಾಗಿ ಕೂತಿತ್ತು. ಸರಳಿನ ಮೇಲೆ ಜೋಳದ ಕಾಳಿನಷ್ಟು ಉಬ್ಬು. ಭಾಲ್ಕಿಯಲ್ಲಿದ್ದಾಗಲೇ ಬಿದ್ದ ಯಾವುದೋ ಪೆಟ್ಟಿನದು. ಹಿಡಿಕೆ ಅರ್ಧ ತಿರುಗುವಷ್ಟರಲ್ಲಿ ಆ ಉಬ್ಬು ತೂತಿನ ಅಂಚಿಗೆ ತಾಗಿ ನಿಲ್ಲುತ್ತಿತ್ತು. ಕೈಗೆ ಅದು ಬಿಗಿಯಾದ ಹಾಗೇ ಅನ್ನಿಸುತ್ತದೆ. ಆದರೆ ಕೆಳಗಿನಿಂದ ಮೇಲೆ ಬಂದು ಮಷಿನ್ನನ್ನು ಅವುಚಿ ಹಿಡಿಯಬೇಕಾದ ಕಬ್ಬಿಣದ ಪಟ್ಟಿ ಇನ್ನೂ ಕೆಳಗೇ ಇರುತ್ತದೆ. ಮತ್ತೆ ಕೂಡಿಸಿ ಕೈಲೇ ಬಿಗಿದು, ಪಟ್ಟಿಯ ಸಂದಿಯಲ್ಲಿ ಒಂದು ಬಸ್ ಟಿಕೆಟ್ ತೂರಿಸಿ ನೋಡಿದೆ, ಸಲೀಸಾಗಿ ಹೋಯಿತು. ಸುತ್ತಿಗೆಯ ಏಟು ಬಿದ್ದರೆ ಮಾತ್ರ ಉಬ್ಬು ಆ ತಡೆ ದಾಟಿ, ಸರಳು ಪಟ್ಟಿಯನ್ನು ಎತ್ತುತ್ತಿತ್ತು. ಅವಳು ಸುತ್ತಿಗೆ ಹಿಡಿದವಳಲ್ಲ. ಎರಡೂ ಕೈಲಿ ಬಿಗಿದಿದ್ದಳು.

ಹೊಟ್ಟಿನ ಮೇಲೇ ಕೂತುಬಿಟ್ಟೆ. ಮಾಡದ ತಪ್ಪಿಗೆ ಅವಳಿಂದ ಮಾಫಿ ಕೇಳಿಸಿಕೊಂಡಿದ್ದೆ, ಅದನ್ನು ಕೊಟ್ಟೂ ಇದ್ದೆ. ಈಗ ನಾನು ಯಾರನ್ನು ಕೇಳಲಿ?

ಈಗ ಆ ಹಿಡಿಕೆ ಒಂದೇ ಬೆರಳಿಗೆ ತಿರುಗುತ್ತದೆ. ತೂತು ಕೆರೆದು, ಉಬ್ಬನ್ನು ಕಾನಸಿನಿಂದ ಉಜ್ಜಿ ನುಣುಪು ಮಾಡಲು ಹಿಡಿದದ್ದು ಅರ್ಧ ಗಂಟೆ. ಆದರೆ ಬಿಚ್ಚಿದ ದಿನ ಉಜ್ಜಲು ಕೈ ಬರಲಿಲ್ಲ. ಉಜ್ಜಿದರೆ ಅವಳ ಕಡೆಗಿದ್ದ ಒಂದೇ ಸಾಕ್ಷಿ ಹೋಗುತ್ತಿತ್ತು. ರೆಸ್ಟನ್ನು ಹಿಡಿಕೆ, ಪಟ್ಟಿ ಸಮೇತ ಇದ್ದ ಹಾಗೇ ಚೀಲಕ್ಕೆ ಹಾಕಿಕೊಂಡು ಔರಾದ್ ಬಸ್ಸು ಹತ್ತಿದೆ, ಅಲ್ಲಿಂದ ಠಾಣಾ ಕುಶನೂರಿಗೆ.

ಅವಳ ತಾಯಿ ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದರು. ಮಷಿನ್ನಿನ ಬದಲು ಒಂದು ಹಲಗೆ ತುಂಡನ್ನು ಆ ಕಬ್ಬಿಣಕ್ಕೆ ಸಿಕ್ಕಿಸಿ ಅವರ ಮುಂದಿಟ್ಟೆ.

‘ಇದನ್ನ ಬಿಗೀರಿ ಅತ್ತಿ.’

‘ನನಗೇನ ತಿಳೀತದ್ರಿ ಇದ್ರಾಗ?’

‘ಹಿಡಿಕಿ ತಿರುವ್ರಿ. ಬಿಗಿ ಆತಂದ್ರ ಹೇಳ್ರಿ.’

ಅವರು ಮೊರ ಬದಿಗಿಟ್ಟು ಒಂದು ಕೈಯಿಂದ ತಿರುಗಿಸಿದರು. ಸಾಲಲಿಲ್ಲ ಅನ್ನಿಸಿರಬೇಕು, ಇನ್ನೊಂದು ಕೈಯನ್ನೂ ಹಾಕಿ, ಕೆಳತುಟಿ ಕಚ್ಚಿ ಒತ್ತಿದರು. ಮಗಳೂ ಹಾಗೇ ಕಚ್ಚುತ್ತಿದ್ದಳು.

‘ಬಿಗದೀನ್ರಿ’ ಅಂದರು.

ನಾನು ಮೊಂಡುಬೆರಳಿನಿಂದ ಹಲಗೆಯನ್ನು ತಳ್ಳಿದೆ. ಅದು ಜಾರಿ ನೆಲಕ್ಕೆ ಬಿತ್ತು.

‘ಖರೇನೆ ಬಿಗದಿದ್ದೆರಿ ನಾ’ ಎಂದು ಅವರು ಗಾಬರಿಯಿಂದ ನನ್ನ ಮುಖ ನೋಡಿದರು.

‘ಹೌದ್ರಿ. ನೀವೂ ಬಿಗದಿದ್ರಿ, ಆಕಿನೂ ಬಿಗದಿದ್ಲು. ತಪ್ಪು ಇದ್ರಾಗ ಇತ್ತು.’

ಅವರು ಹಿಡಿಕೆಯ ಮೇಲಿನ ಕೈ ತೆಗೆಯಲಿಲ್ಲ. ನನ್ನ ಕಡೆ ನೋಡದೆ ಅಂದರು:

‘ಮಾಫಿ ಕೇಳಿ ಮುಗಸು ಅಂತ ಆಕಿಗಿ ಹೇಳಿದಾಕಿ ನಾನೇರಿ.’