ಮೂರನೇ ಪಟ್ಟಿ

ಆದಿವಾಲದ ಸರ್ಕಾರಿ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಬಿಸಿಯೂಟ ಬೇಯಿಸುತ್ತಿರುವ ಏಕನಾಥಮ್ಮನಿಗೆ ಓದು ಅಷ್ಟಕ್ಕಷ್ಟೆ. ತನ್ನ ಹೆಸರು ಬರೆಯುತ್ತಾಳೆ, ಬಸ್ಸಿನ ಬೋರ್ಡು ಓದುತ್ತಾಳೆ. ಗಂಡ ಚಿತ್ರಲಿಂಗಪ್ಪ ವರ್ಷದಲ್ಲಿ ಏಳೆಂಟು ತಿಂಗಳು ಕುರಿಗಳ ಹಿಂದೆ ಊರೂರು ಅಲೆಯುವವನು. ಮನೆಯಲ್ಲಿ ಉಳಿಯುವವರು ಇವಳು ಮತ್ತು ಮಗಳು ಸುಮಾ.

ಸುಮಾ ಐದನೇ ತರಗತಿಯಲ್ಲಿದ್ದಾಗ ಪ್ರಭು ಮೇಷ್ಟ್ರು ಅಡುಗೆ ಕೋಣೆಯ ಬಾಗಿಲಿಗೆ ಬಂದು ನಿಂತರು. "ಏಕನಾಥಮ್ಮ, ವಸತಿ ಶಾಲೆ ಪರೀಕ್ಷೆಗೆ ಇವಳ್ನ ಕೂರ್ಸಾಣ. ಸರ್ಕಾರದ್ದೇ. ಆರರಿಂದ ಹತ್ತರ ತನಕ ಊಟ, ಬಟ್ಟೆ, ಪುಸ್ತಕ ಎಲ್ಲಾ ಅವರೇ ಕೊಡ್ತಾರೆ. ಪಾಠ ಭಾಳ ಚೆನ್ನಾಗೈತೆ."

ಏಕನಾಥಮ್ಮ ಸೌಟು ಕೆಳಗಿಡಲಿಲ್ಲ. "ಇರೋಳು ಒಬ್ಳು. ಅವಳ್ನೂ ಕಳಿಸಿ ನಾನೇನು ಗ್ವಾಡೆ ಜೊತಿಗೆ ಮಾತಾಡ್ಲೇನ್ರಿ? ಬ್ಯಾಡ್ರಿ ಸಾರ್."

ಪಕ್ಕದಲ್ಲೇ ನಿಂತಿದ್ದ ಸುಮಾ ಅದನ್ನು ಕೇಳಿಸಿಕೊಂಡಳು. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೇ ದಿನ ತಾಯಿ ಸೋತು ಹೂಂ ಅಂದಳು.

ಪರೀಕ್ಷೆ ಚಿತ್ರದುರ್ಗದಲ್ಲಿತ್ತು. ಸುಮಾಳ ಪಕ್ಕದ ಬೆಂಚಿನಲ್ಲಿ ಭರಮಸಾಗರದ ಬಿಂದು ಎಂಬ ಹುಡುಗಿ ಕೂತಿದ್ದಳು. ಹೊರಗೆ ಹುಣಸೆ ಮರದ ಕೆಳಗೆ ಇಬ್ಬರು ತಾಯಂದಿರೂ ಬುತ್ತಿ ಬಿಚ್ಚಿ ಹಂಚಿಕೊಂಡು ತಿಂದರು, ಫೋನ್ ನಂಬರು ಬರೆಸಿಕೊಂಡರು. ಫಲಿತಾಂಶ ಬಂದಾಗ ಹುಡುಗಿಯರೇ ಫೋನಿನಲ್ಲಿ ಮಾತಾಡಿಕೊಂಡರು. ಸುಮಾಗೆ ಎಂಬತ್ತೊಂದು, ಬಿಂದುಗೆ ಅರವತ್ತಮೂರು. ಇಬ್ಬರದೂ ಒಂದೇ ಮೀಸಲಾತಿ ಗುಂಪು.

ಮೊದಲ ಪಟ್ಟಿ ಎಂಬತ್ತಾರಕ್ಕೆ ನಿಂತಿತು, ಎರಡನೆಯದು ಎಂಬತ್ತೆರಡಕ್ಕೆ. ಎರಡನ್ನೂ ವಸತಿ ಶಾಲೆಯ ಬೋರ್ಡಿಗೆ ಅಂಕದ ಸಮೇತ ಅಂಟಿಸಿದ್ದರು. ಕಾಯುವವರ ಸಾಲಿನಲ್ಲಿ ಸುಮಾಳದೇ ಮೊದಲ ಹೆಸರು. ಅಲ್ಲಿನ ಗುಮಾಸ್ತ ಹೇಳಿದ: "ಯಾರಾನ ಬಿಟ್ರೆ ಮೂರನೇ ಪಟ್ಟಿ ಮಾಡ್ತೀವಿ ಕಣಮ್ಮ. ಫೋನ್ ಬರ್ತದೆ. ಎತ್ರಿ, ಅಷ್ಟೆ."

ಅಂದಿನಿಂದ ಏಕನಾಥಮ್ಮ ಫೋನನ್ನು ಮೈಯಿಂದ ದೂರ ಮಾಡಲಿಲ್ಲ. ಅನ್ನ ಬಸಿಯುವಾಗ ಮಾತ್ರ ಜೊತೆಯ ರಂಗಕ್ಕನ ಕೈಗೆ ಕೊಟ್ಟು, "ಕಿವಿ ಅಲ್ಲೇ ಇಟ್ಟಿರಕ್ಕ," ಎನ್ನುತ್ತಿದ್ದಳು. ಹಿರಿಯೂರಿನ ಸಂತೆಯಲ್ಲಿ ಒಂದು ತಗಡಿನ ಟ್ರಂಕನ್ನೂ ಕೊಂಡು ತಂದಳು.

ಜುಲೈ ಕೊನೆಯಲ್ಲಿ ಫೋನು ಬಂತು. ಶಾಲೆಯಿಂದಲೇ, ಆದರೆ ಗುಮಾಸ್ತನದಲ್ಲ. ವಾರ್ಡನ್ ಫೋನಿನಿಂದ ಬಿಂದು ಮಾತಾಡುತ್ತಿದ್ದಳು.

"ಆಂಟಿ, ಸುಮಾ ಯಾವಾಗ ಬರ್ತಾಳೆ? ನಾನು ಸೇರಿ ಎಂಟು ದಿನ ಆತು. ಪಕ್ಕದ ಮಂಚ ಖಾಲಿ ಇಟ್ಕಂಡಿದೀನಿ."

ಏಕನಾಥಮ್ಮ, "ಊಟ ಮಾಡಿದ್ಯೇನವ್ವ?" ಎಂದಷ್ಟೇ ಕೇಳಿದಳು.

ಮರುದಿನ ರಜೆ ಹಾಕಿ ವಸತಿ ಶಾಲೆಗೆ ಹೋದಳು. ಬೋರ್ಡಿನ ಮೇಲೆ ಮೂರನೇ ಪಟ್ಟಿ ಇರಲಿಲ್ಲ.

"ಫೋನ್ ಮಾಡಿದ್ವಿ, ನೀವು ಎತ್ತಲಿಲ್ಲ," ಎಂದ ಗುಮಾಸ್ತ.

"ಯಾವತ್ತು ಮಾಡಿದ್ರಿ? ನೋಡ್ರಿ ಇದ್ರಾಗೆ, ಎಲ್ಲಾ ಐತೆ." ಅವಳು ಫೋನನ್ನು ಮೇಜಿನ ಮೇಲಿಟ್ಟಳು. ಅವನು ಅದನ್ನು ಮುಟ್ಟಲಿಲ್ಲ.

"ಆ ಪಟ್ಟಿನಾದ್ರೂ ತೋರ್ಸ್ರಿ. ಅರವತ್ಮೂರಕ್ಕೆ ಸಿಕ್ಕೈತೆ, ಎಂಬತ್ತೊಂದಕ್ಕೆ ಯಾಕಿಲ್ಲ?"

"ಅದೆಲ್ಲ ಮೇಲಿನೋರು ಮಾಡಿದ್ದು. ತೋರ್ಸಂಗಿಲ್ಲ. ಹೋಗ್ರಿ."

ಬಿಂದುವಿನ ತಾಯಿ ದಾಕ್ಷಾಯಣಮ್ಮನಿಗೆ ಫೋನ್ ಮಾಡಿದಾಗ ಆಕೆ, "ನಮ್ಮೋರು ಯಾರಿಗೋ ಹೇಳಿಸಿದ್ರು ಕಣ್ರಿ. ನಿಮ್ದೂ ಆಗಿರ್ತದೆ ಅಂದ್ಕಂಡಿದ್ದೆ," ಎಂದಳು. ಆಮೇಲೆ ಆ ನಂಬರು ಹತ್ತಲೇ ಇಲ್ಲ.

ಪ್ರಭು ಮೇಷ್ಟ್ರು ಮಾಹಿತಿ ಹಕ್ಕಿನಡಿ ಆ ಪಟ್ಟಿ ಕೇಳಿ ಅರ್ಜಿ ಬರೆದುಕೊಟ್ಟರು. ತಿಂಗಳು ಕಳೆದರೂ ಉತ್ತರವಿಲ್ಲ. ಮೇಲಧಿಕಾರಿಗೆ ಮತ್ತೊಂದು ಬರೆದರು. ಅಷ್ಟರಲ್ಲಿ ಸುಮಾ ಊರಿನ ಶಾಲೆಯಲ್ಲೇ ಆರನೇ ತರಗತಿಗೆ ಕೂತಿದ್ದಳು. ಡಿಸೆಂಬರಿನಲ್ಲಿ ಒಂದು ದಪ್ಪ ಲಕೋಟೆ ಬಂತು. ತಾಯಿಗೆ ಅಷ್ಟೆಲ್ಲ ಓದಲು ಬಾರದ್ದರಿಂದ ಸುಮಾಳೇ ಜಗುಲಿಯ ಮೇಲೆ ಕೂತು ಓದಿದಳು. ಮೂರನೇ ಪಟ್ಟಿಯ ನಕಲು ಅದು. ಬೇರೆ ಹೆಸರುಗಳಿಗೆಲ್ಲ ಕಪ್ಪು ಮಸಿ ಬಳಿದಿದ್ದರು. ಉಳಿದದ್ದು ಒಂದೇ ಸಾಲು.

"ಕಾಯುವಿಕೆ ಪಟ್ಟಿ ಕ್ರಮ ಸಂಖ್ಯೆ ಒಂದು, ಕುಮಾರಿ ಸುಮಾ. ಸೀಟು ನೀಡಲಾಗಿತ್ತು. ವಿದ್ಯಾರ್ಥಿನಿಯ ತಾಯಿ ದೂರವಾಣಿಯಲ್ಲಿ ನಿರಾಕರಿಸಿರುತ್ತಾರೆ."

ಸುಮಾ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ತಲೆಯೆತ್ತಿದಳು. "ಅವ್ವ, ನೀನು ಬ್ಯಾಡ ಅಂದ್ಯಾ?"

"ನಾನ್ಯಾಕೆ ಅನ್ಲಿ? ನಿನ್ನಾಣೆ, ಅವರು ಫೋನೇ ಮಾಡಿಲ್ಲ ಕಣೆ."

"ಮೇಷ್ಟ್ರ ಮುಂದೆ ಅಂದಿದ್ಯಲ್ಲ."

ಏಕನಾಥಮ್ಮ ಅತ್ತಳು, ರೇಗಿದಳು, ದೇವರ ಪಟ ಮುಟ್ಟಿದಳು. ಸುಮಾ "ಆತು ಬಿಡವ್ವ" ಎಂದು ಕಾಗದ ಮಡಚಿ ಒಳಗಿಟ್ಟು ಬಂದಳು. ಸರ್ಕಾರದ ಮೊಹರು ಬಿದ್ದ ಅಚ್ಚಿನ ಅಕ್ಷರದ ಮುಂದೆ ತನ್ನ ಬಾಯಿಮಾತಿಗೆ ತೂಕವಿಲ್ಲ ಎಂಬುದು ಏಕನಾಥಮ್ಮನಿಗೆ ಗುಮಾಸ್ತನ ಮುಂದೆ ನಿಂತಾಗಲೂ ಇಷ್ಟು ತಟ್ಟಿರಲಿಲ್ಲ.

ಆದರೂ ಬಿಡಲಿಲ್ಲ. ಆ ಸಾಲು ಸುಳ್ಳೆಂದು ಯಾರಾದರೂ ಬರೆದುಕೊಟ್ಟರೆ ಸಾಕಿತ್ತು. ಮೇಷ್ಟ್ರ ಜೊತೆ ಎರಡು ಸಲ ಬೆಂಗಳೂರಿನ ಮಾಹಿತಿ ಆಯೋಗಕ್ಕೆ ಹೋದಳು. ಮೊದಲ ಸಲ ಶಾಲೆಯ ಕಡೆಯವರು ಬರಲಿಲ್ಲ. ಎರಡನೇ ಸಲ ಬಂದವರು, ಫೋನ್ ಮಾಡಿದ ದಾಖಲೆ ಇಟ್ಟಿಲ್ಲ, ಆಗಿನ ಗುಮಾಸ್ತ ವರ್ಗವಾಗಿದ್ದಾನೆ ಎಂದರು. ಆದೇಶ ಬರುವಾಗ ಸುಮಾ ಎಂಟನೇ ತರಗತಿ. ಇನ್ನು ಮುಂದೆ ದಾಖಲೆಗಳನ್ನು ಸರಿಯಾಗಿ ಇಡತಕ್ಕದ್ದು, ಇರುವ ಮಾಹಿತಿ ಒದಗಿಸಿರುವುದರಿಂದ ಪ್ರಕರಣ ಮುಕ್ತಾಯ, ಎಂದಿತ್ತು. ನಿರಾಕರಿಸಿದ್ದು ನಿಜವೋ ಸುಳ್ಳೋ ಎಂಬ ಬಗ್ಗೆ ಒಂದು ಮಾತೂ ಇರಲಿಲ್ಲ.

"ಇನ್ನೆಲ್ಲಿಗಾದ್ರೂ ಬರೆಯಾಣೇನ್ರಿ ಸಾರ್?" ಎಂದು ಕೇಳಿದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಸುಮಾ ಈಗ ಊರಿನ ಹೈಸ್ಕೂಲಿಗೆ ಹೋಗುತ್ತಾಳೆ. ಅಲ್ಲಿ ಗಣಿತಕ್ಕೆ ವರ್ಷದಿಂದ ಮೇಷ್ಟ್ರಿಲ್ಲ. ಮನೆಯಲ್ಲಿ ನೀರು ತರುತ್ತಾಳೆ, ರೊಟ್ಟಿ ತಟ್ಟುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಆ ಕಾಗದದ ಮಾತು ಮತ್ತೆ ಎತ್ತಿಲ್ಲ. ಆದರೆ ಅಂಕಪಟ್ಟಿಗೆ ತಾಯಿಯ ಸಹಿ ಕೇಳುವುದಿಲ್ಲ. ಅಪ್ಪ ಕುರಿ ಹೊಡೆದುಕೊಂಡು ಊರಿಗೆ ಬರುವವರೆಗೆ ಅದನ್ನು ಚೀಲದಲ್ಲೇ ಇಟ್ಟುಕೊಂಡಿರುತ್ತಾಳೆ.