ಬೋಲ್ಟಿನ ಮೇಲಿನ ಕೆಂಪು ಗೆರೆ

ಬಂದ್ಯೋಡಿನ ಹಿಲರಿ ಹಾಲಿನ ಪ್ಯಾಕೆಟು ಕೊಂಡರೂ ಅದನ್ನು ಬೆಳಕಿಗೆ ಹಿಡಿದು, ಮೂಲೆಗಳನ್ನು ಒತ್ತಿ ನೋಡಿಯೇ ಚೀಲಕ್ಕೆ ಹಾಕುವ ಮನುಷ್ಯ. ಬಸ್ಸು ಹತ್ತುವ ಮೊದಲು ಟಯರು ನೋಡುತ್ತಾನೆ. ಇಗರ್ಜಿಯಲ್ಲಿ ಪಾದ್ರಿಗಳು ಪ್ರಸಂಗ ಮಾಡುತ್ತಿದ್ದರೆ ಇವನ ಕಣ್ಣು ತಲೆಯ ಮೇಲೆ ತಿರುಗುವ ಫ್ಯಾನಿನ ಕೊಕ್ಕೆಯ ಮೇಲೆ. "ನಿಮ್ಮನ್ನು ಸ್ವರ್ಗಕ್ಕೆ ಕರ್ಕೊಂಡು ಹೋದರೂ ಬಾಗಿಲಿನ ಬಿಜಾಗ್ರಿ ಸರಿ ಉಂಟಾ ನೋಡದೆ ಒಳಗೆ ಕಾಲಿಡ್ಲಿಕ್ಕಿಲ್ಲ," ಎಂದು ಹೆಂಡತಿ ರೋಸ್ಮೇರಿ ಹೇಳುವುದುಂಟು. ಅದರಲ್ಲಿ ತಪ್ಪೇನಿದೆ ಎಂದು ಹಿಲರಿಗೆ ಇಂದಿಗೂ ಅರ್ಥವಾಗಿಲ್ಲ.

ಈ ಗುಣ ಹುಟ್ಟುವಾಗಲೇ ಬಂದದ್ದಲ್ಲ. ಹೈಸ್ಕೂಲಿಗೆ ಸೇರಿದ ವರ್ಷ ಅಪ್ಪ ಎಲ್ಲಿಂದಲೋ ಒಂದು ಹೊಸ ಸೈಕಲ್ ತಂದುಕೊಟ್ಟಿದ್ದರು. ಮಿರಮಿರ ಮಿಂಚುವ ಹಸಿರು ಸೈಕಲ್. ಮಳೆಗಾಲ ಕಳೆಯುವ ಮೊದಲೇ ಒಂದು ಇಳಿಜಾರಿನಲ್ಲಿ ಅದರ ಮುಂದಿನ ಫೋರ್ಕು ಮುರಿಯಿತು, ಹಿಲರಿಯ ಎದುರಿನ ಹಲ್ಲು ರಸ್ತೆಯಲ್ಲಿ ಉಳಿಯಿತು. ಮುರಿದ ಕಡೆ ನೋಡಿದರೆ ಹಸಿರು ಬಣ್ಣದ ಅಡಿಯಲ್ಲಿ ಕಪ್ಪು ಬಣ್ಣ, ಕಪ್ಪಿನ ಅಡಿಯಲ್ಲಿ ಹಳೆಯ ಬೆಸುಗೆ. ಯಾರೋ ಓಡಿಸಿ ಬಿಸಾಡಿದ್ದಕ್ಕೆ ಬಣ್ಣ ಬಳಿದು ಹೊಸತೆಂದು ಮಾರಿದ್ದರು. ಹಲ್ಲು ಹೋದದ್ದನ್ನು ಅವನು ಮರೆತ, ಆ ಎರಡು ಬಣ್ಣವನ್ನು ಮರೆಯಲಿಲ್ಲ. ತಾನೇ ಬಿಚ್ಚಿ ನೋಡದ ಯಾವುದನ್ನೂ ಅಂದಿನಿಂದ ನಂಬಲಿಲ್ಲ. ಮುಂದೆ ಊರ ಹತ್ತಿರದ ಅನಂತಪುರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಯಂತ್ರ ರಿಪೇರಿಯ ಕೆಲಸ ಸಿಕ್ಕಿದಾಗ ಸಂಶಯಪಡುವುದಕ್ಕೆ ಸಂಬಳವೂ ಬಂದ ಹಾಗಾಯಿತು.

ಹಾಗಾಗಿ, ನಲವತ್ತು ದಾಟಿದ ಮೇಲೆ ಅವನಿಗೆ ಗುಡ್ಡ ಹತ್ತುವ ಸೈಕಲಿನ ಹುಚ್ಚು ಹಿಡಿದಾಗ ಅಂಗಡಿಯ ಸೈಕಲನ್ನು ಹಾಗೆಯೇ ತರುತ್ತಾನೆಂದು ಮನೆಯಲ್ಲಿ ಯಾರೂ ಎಣಿಸಲಿಲ್ಲ. ಮಂಗಳೂರಿನಿಂದ ಬರೀ ಒಂದು ಉಕ್ಕಿನ ಫ್ರೇಮು ತಂದ. ಅದರ ಬಣ್ಣವನ್ನೆಲ್ಲ ಉಜ್ಜಿ ತೆಗೆದು, ಬೆಸುಗೆಗಳನ್ನು ಭೂತಗನ್ನಡಿಯಲ್ಲಿ ನೋಡಿ, ಮತ್ತೆ ತಾನೇ ಬಣ್ಣ ಬಳಿದ. ಫೋರ್ಕು ಒಂದು ಕಡೆಯದ್ದು, ಚಕ್ರ ಇನ್ನೊಂದು ಕಡೆಯದ್ದು, ಬ್ರೇಕು ಮತ್ತೊಂದು ಕಡೆಯದ್ದು. ಎಲ್ಲ ಕೂಡಿ ಸೈಕಲ್ ಆಗುವಾಗ ಮಗಳು ರೆಶ್ಮಾ ಕಾಲೇಜು ಮುಗಿಸಿದ್ದಳು. ಅಂಥದ್ದಕ್ಕೆ ಹಾರ್ಡ್‌ಟೇಲ್ ಎನ್ನುತ್ತಾರೆ. ಮುಂದಿನ ಫೋರ್ಕಿನಲ್ಲಿ ಮಾತ್ರ ಸ್ಪ್ರಿಂಗು, ಹಿಂದೆ ಏನೂ ಇಲ್ಲ, ಗಟ್ಟಿ ಉಕ್ಕು.

"ಹಿಂದೆಯೂ ಶಾಕ್ ಇರುವುದು ತೆಗೊಳ್ಬಹುದಿತ್ತಲ್ಲ, ಸೊಂಟಕ್ಕೆ ಸುಖ," ಎಂದು ಕಾರ್ಖಾನೆಯ ಅಶ್ವಿತ್ ಹೇಳಿದ್ದಕ್ಕೆ ಹಿಲರಿ ಕಣ್ಣು ಕೆಂಪು ಮಾಡಿದ್ದ.

"ಹಿಂದೆ ಸ್ಪ್ರಿಂಗ್ ಇದ್ರೆ ಅಡಿಯಲ್ಲಿ ಕಲ್ಲು ಉಂಟಾ ಗುಂಡಿ ಉಂಟಾ ಅಂತ ಅದು ನಮಗೆ ಹೇಳುದೇ ಇಲ್ಲ. ಮುಚ್ಚಿಡ್ತದೆ. ಇದು ಹಾಗಲ್ಲ, ಒಂದು ಹರಳು ಸಿಕ್ಕಿದ್ರೂ ಬೆನ್ನಿಗೆ ಬಂದು ಹೇಳ್ತದೆ. ಜಗಳಗಂಟಿ, ಆದ್ರೆ ಸುಳ್ಳು ಹೇಳ್ಲಿಕ್ಕಿಲ್ಲ."

ನಿಜ ಹೇಳಬೇಕೆಂದರೆ ಸುಖವೂ ಇತ್ತು. ಪದವಿನ ಮೇಲೆ, ಗುಡ್ಡದ ನೆತ್ತಿಯ ಆ ಕೆಂಪು ಕಲ್ಲಿನ ಬಯಲಿನಲ್ಲಿ, ಸೀಟಿನಿಂದ ಎದ್ದು ನಿಂತು, ಮಂಡಿ ಮಡಿಸಿ, ಎರಡು ಕಲ್ಲುಗಳ ನಡುವೆ ಚಕ್ರ ಎಲ್ಲಿ ನುಸುಳಬೇಕೆಂದು ಕ್ಷಣದಲ್ಲಿ ತೀರ್ಮಾನಿಸುತ್ತ ಇಳಿಯುವಾಗ ಅವನ ಮೈಯೇ ಸ್ಪ್ರಿಂಗು. ತುಳಿದ ತುಳಿತವೆಲ್ಲ ನೇರ ಹಿಂದಿನ ಚಕ್ರಕ್ಕೆ, ನಡುವೆ ಸೋರಿಹೋಗುವ ಜಾಗವೇ ಇಲ್ಲ. ಆಗ ಯಾರ ಮೇಲೂ ಸಂಶಯಪಡಲು ಪುರುಸೊತ್ತು ಸಿಗುತ್ತಿರಲಿಲ್ಲ. ವಾರದಲ್ಲಿ ಅವನ ತಲೆ ಹಗುರಾಗುತ್ತಿದ್ದ ಹೊತ್ತು ಅದೊಂದೇ.

ಹತ್ತುವ ಮೊದಲು ಮಾತ್ರ ತಪಾಸಣೆ ಆಗಲೇಬೇಕು. ಸೈಕಲ್ ಕಟ್ಟಿ ಮುಗಿಸಿದ ದಿನ ಅವನು ರೋಸ್ಮೇರಿಯ ಕಪಾಟಿನಿಂದ ಉಗುರಿಗೆ ಹಚ್ಚುವ ಕೆಂಪು ಕ್ಯೂಟೆಕ್ಸಿನ ಬಾಟಲಿ ಎತ್ತಿಕೊಂಡು ಬಂದ. ಒಂದೊಂದು ಬೋಲ್ಟನ್ನೂ ಬೇಕಾದಷ್ಟು ಬಿಗಿದು, ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಸಣ್ಣ ಗೆರೆ ಎಳೆದ. ಬೋಲ್ಟು ತಾನಾಗಿ ಸಡಿಲಾದರೂ ಯಾರಾದರೂ ಬಿಚ್ಚಿದರೂ ಗೆರೆ ತುಂಡಾಗುತ್ತದೆ. ಕಾರ್ಖಾನೆಯ ಯಂತ್ರಗಳಿಗೂ ಅವನು ಹಾಗೆಯೇ ಮಾಡುವುದು. ಪ್ರತಿ ಭಾನುವಾರ ಸೈಕಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ತೇರ್ಸದ ಜಪಮಾಲೆಯ ಮಣಿ ಎಣಿಸಿದ ಹಾಗೆ ಒಂದೊಂದೇ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಾನೆ. "ನನ್ನ ಉಗುರಿಗಿಲ್ಲದ ಶೃಂಗಾರ ಆ ಸೈಕಲಿಗೆ," ಎಂದು ರೋಸ್ಮೇರಿ ಬೇರೆ ಬಾಟಲಿ ತಂದುಕೊಂಡಳು.

ಅವನ ಜೊತೆ ಗುಡ್ಡ ಸುತ್ತುವವರು ಒಬ್ಬರೇ, ಗಣೇಶಪ್ರಸಾದ ಮಾಷ್ಟ್ರು. ಮನೆ ಪೆರ್ಮುದೆಯ ಹತ್ತಿರ, ಕನ್ನಡ ಮಾಧ್ಯಮದ ಶಾಲೆಯಲ್ಲಿ ಗಣಿತ ಪಾಠ. ಹಿಲರಿಯ ಸೈಕಲ್ ನೋಡಿ ಆಸೆಯಾಗಿ ತಾವೂ ಒಂದು ಕಟ್ಟಲು ಹೊರಟವರು. ಮಾಷ್ಟ್ರ ಜಗಲಿಯಲ್ಲಿ ಹಳೆಯ ಬೆಡ್‌ಶೀಟ್ ಹಾಸಿ, ಅದರ ಮೇಲೆ ಬಿಡಿಭಾಗಗಳನ್ನು ಹರಡಿಕೊಂಡು ಇಬ್ಬರೂ ಒಂದು ಬೇಸಗೆ ರಜೆಯನ್ನೇ ಕಳೆದಿದ್ದರು. ಕೊನೆಗೆ ಹಿಲರಿ ಕ್ಯೂಟೆಕ್ಸ್ ಬಾಟಲಿ ತೆಗೆದಾಗ ಮಾಷ್ಟ್ರು ನಕ್ಕು ಕೈ ಅಡ್ಡ ಹಿಡಿದರು.

"ಬೇಡ ಮಾರಾಯ್ರೆ. ನೀವು ಬಿಗಿದ ಬೋಲ್ಟಿಗೆ ಗೆರೆ ಎಂತಕ್ಕೆ?"

ಆ ಮಾತು ಹಿಲರಿಗೆ ಹಿತವಾಯಿತು. ಮನೆಗೆ ಬರುವ ದಾರಿಯಲ್ಲಿ ಅದರ ಮೇಲೂ ಸಂಶಯ ಬಂತು. ಒಬ್ಬ ಮನುಷ್ಯ ಇನ್ನೊಬ್ಬನನ್ನು ಇಷ್ಟು ಸಲೀಸಾಗಿ ನಂಬುವುದೆಂದರೇನು? ಏನೋ ಇರಬೇಕು.

ಆ ಏನೋ ಈ ವರ್ಷ ಅಕ್ಟೋಬರಿನಲ್ಲಿ ಸಿಕ್ಕಿತೆಂದು ಅವನಿಗೆ ಅನ್ನಿಸಿತು. ಗೋವಾದಲ್ಲಿ ರೋಸ್ಮೇರಿಯ ತಂಗಿಯ ಮಗಳ ಮದುವೆ. ಮನೆಗೆ ಬೀಗ ಹಾಕಿ ಎಲ್ಲರೂ ಹೋಗಬೇಕು. ಸೈಕಲನ್ನು ಎಲ್ಲಿ ಬಿಡುವುದು ಎಂದು ತಲೆ ಕೆಡಿಸಿಕೊಂಡು ಕೊನೆಗೆ ಮಾಷ್ಟ್ರ ಜಗಲಿಯಲ್ಲಿ ಇಟ್ಟ. ಮದುವೆ ಮುಗಿಸಿ ಬಂದು ಸೈಕಲ್ ತರಲು ಹೋದಾಗ, "ಚೆಂದ ಉಂಟು ನೋಡಿ ನಿಮ್ಮ ಸೈಕಲ್, ಎಂತ ತೊಂದರೆ ಆಗ್ಲಿಲ್ಲ," ಎಂದರು ಮಾಷ್ಟ್ರು. ಅವರ ಹೆಂಡತಿ ಸುಬ್ಬಲಕ್ಷ್ಮಿ ಹಲಸಿನ ಹಪ್ಪಳದ ಕಟ್ಟು ಕೈಯಲ್ಲಿಟ್ಟರು.

ಮನೆಗೆ ಬಂದು ಗೆರೆ ನೋಡಿದರೆ, ಹ್ಯಾಂಡಲನ್ನು ಫೋರ್ಕಿಗೆ ಕಚ್ಚಿ ಹಿಡಿಯುವ ತುಂಡಿನ ಎರಡೂ ಬೋಲ್ಟಿನಲ್ಲಿ ಕೆಂಪು ಗೆರೆ ತುಂಡಾಗಿತ್ತು. ಬೋಲ್ಟು ಬಿಗಿಯಾಗಿಯೇ ಇತ್ತು. ಎಂದರೆ ತಾನಾಗಿ ಸಡಿಲಾದದ್ದಲ್ಲ, ಯಾರೋ ಬಿಚ್ಚಿ ಮತ್ತೆ ಬಿಗಿದಿದ್ದಾರೆ. ಅವನೂ ಬಿಚ್ಚಿದ. ಒಳಗೆ ಬೇರಿಂಗಿನ ಸುತ್ತ ಹಸಿರು ಗ್ರೀಸು. ಅವನು ಹಚ್ಚಿದ್ದು ಕಂದು ಗ್ರೀಸು.

ಕೇಳಿದ್ದರೆ ಒಂದು ನಿಮಿಷದ ಕೆಲಸ. ಆದರೆ ಕೇಳಿದರೆ ಕಳ್ಳ ಹುಷಾರಾಗುತ್ತಾನೆ ಎನ್ನುವುದು ಹಿಲರಿಯ ಲೆಕ್ಕ. ಅವನು ತಲೆಯಲ್ಲಿ ಹುಳ ಬಿಟ್ಟುಕೊಂಡು ವಾರವಿಡೀ ತಿರುಗಿದ. ಮಳೆಗಾಲದಲ್ಲಿ ಮಾಷ್ಟ್ರ ಸೈಕಲಿನ ಇದೇ ಬೇರಿಂಗಿನ ಅಂಚಿಗೆ ತುಕ್ಕು ಹಿಡಿದಿತ್ತು. ಬದಲಿಸಿ ಎಂದು ತಾನೇ ಹೇಳಿದ್ದ, "ನೋಡುವ" ಎಂದಿದ್ದರು ಅವರು. ನೋಡಿಯೇ ಬಿಟ್ಟರಲ್ಲ! ತನ್ನ ಒಳ್ಳೆಯ ಬೇರಿಂಗನ್ನು ಅವರು ಹಾಕಿಕೊಂಡು, ಅವರದ್ದರ ತುಕ್ಕು ಒರೆಸಿ ತನಗೆ ದಾಟಿಸಿ, ಮೇಲೆ ಹಸಿರು ಗ್ರೀಸು ಬಳಿದದ್ದು. ಇಲ್ಲದಿದ್ದರೆ ಕೇಳದೆಯೇ "ಚೆಂದ ಉಂಟು" ಎಂದು ಯಾಕೆ ಹೇಳಬೇಕು? ಹಪ್ಪಳ ಯಾಕೆ? ರೋಸ್ಮೇರಿ ಕಾಯಿಸಿಕೊಟ್ಟ ಆ ಹಪ್ಪಳ ಅವನ ಗಂಟಲಲ್ಲಿ ಇಳಿಯಲಿಲ್ಲ.

ಭಾನುವಾರ ಇಗರ್ಜಿಯಲ್ಲಿ ಮೊದಲ ಪೂಜೆ ಮುಗಿಸಿ ಹಿಲರಿ ಸೈಕಲಿನಲ್ಲಿ ನೇರ ಮಾಷ್ಟ್ರ ಮನೆಗೆ ಹೋದ, ಗುಡ್ಡಕ್ಕೆ ಹೊರಡಲು ಹೇಳಿದ್ದ ಹೊತ್ತಿಗಿಂತ ಬೇಗ. "ಅವರು ಸ್ನಾನಕ್ಕೆ ಹೋಗಿದ್ದಾರೆ, ಕೂತ್ಕೊಳ್ಳಿ, ಕಾಫಿ ತರ್ತೇನೆ," ಎಂದು ಸುಬ್ಬಲಕ್ಷ್ಮಿ ಒಳಗೆ ಹೋದರು. ಜಗಲಿಯಲ್ಲಿ ಮಾಷ್ಟ್ರ ಸೈಕಲ್ ಒಂದೇ ಇತ್ತು. ಹಿಲರಿ ಜೇಬಿನಿಂದ ಬೋಲ್ಟು ಬಿಚ್ಚುವ ಅಲೆನ್ ಕೀ ತೆಗೆದ. ಹ್ಯಾಂಡಲಿನ ಪಕ್ಕದ ಎರಡು ಬೋಲ್ಟು ಸಡಿಲಿಸಿ, ಮೇಲಿನ ಮುಚ್ಚಳ ತೆಗೆದು, ಹ್ಯಾಂಡಲನ್ನು ಎತ್ತಿ ಒಳಗೆ ನೋಡಿದ.

ಬೇರಿಂಗಿನ ಅಂಚಿನಲ್ಲಿ ಅದೇ ತುಕ್ಕು. ಮಳೆಗಾಲದಲ್ಲಿ ನೋಡಿದ ಅದೇ ಕಂದು ಕಲೆ.

ಹಿಲರಿಗೆ ಸಮಾಧಾನ ಆಗಬೇಕಿತ್ತು. ಮೊದಲು ನಾಚಿಕೆಯಾಯಿತು. ಅಷ್ಟರಲ್ಲಿ ಒಳಗಿನಿಂದ ಲೋಟದ ಸದ್ದು, ಹಿಂದೆಯೇ ಮಾಷ್ಟ್ರ ಧ್ವನಿ. ಹ್ಯಾಂಡಲನ್ನು ಕೂರಿಸಿ, ಮುಚ್ಚಳ ಹಾಕಿ, ಪಕ್ಕದ ಬೋಲ್ಟುಗಳನ್ನು ಬೆರಳಿನಲ್ಲೇ ತಿರುಗಿಸುವಷ್ಟರಲ್ಲಿ ಸುಬ್ಬಲಕ್ಷ್ಮಿ ಹೊಸ್ತಿಲಿನಲ್ಲಿದ್ದರು. ಅಲೆನ್ ಕೀ ಜೇಬಿಗೆ ಹೋಯಿತು. ಕಾಫಿ ಕುಡಿದು ಮುಗಿಸುವ ಮೊದಲೇ ಮಾಷ್ಟ್ರು ಹೊರಗೆ ಬಂದು ಸೈಕಲ್ ಅಂಗಳಕ್ಕಿಳಿಸಿದರು.

"ಹೋಗುವನಾ? ಮಧ್ಯಾಹ್ನ ನಂಗೊಂದು ಪೂಜೆಯ ಊಟ ಉಂಟು, ಇವತ್ತು ಎಲ್ಲಿಯೂ ನಿಲ್ಲುದು ಬೇಡ."

ಪೆರ್ಮುದೆಯ ಹೋಟೆಲಿನಲ್ಲಿ ಚಾ ಕುಡಿಯುವಾಗ ಬಿಗಿದುಬಿಡುತ್ತೇನೆ ಎಂದುಕೊಂಡಿದ್ದ ಹಿಲರಿ. ಮಾಷ್ಟ್ರು ಹೋಟೆಲಿನ ಕಡೆ ತಿರುಗಿಯೂ ನೋಡಲಿಲ್ಲ. ಗುಡ್ಡ ಹತ್ತುವ ಚಡಾವಿನಲ್ಲಿ ಅವರ ಹಿಂದೆಯೇ ತುಳಿಯುತ್ತ ಹಿಲರಿ ಆ ಎರಡು ಬೋಲ್ಟಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಹತ್ತುವಾಗ ತೊಂದರೆಯಿಲ್ಲ, ಹ್ಯಾಂಡಲು ಹೇಗೋ ನಿಲ್ಲುತ್ತದೆ. ಇಳಿಯುವಾಗ ಕಲ್ಲಿನ ಏಟು ಬಿದ್ದರೆ ಹ್ಯಾಂಡಲು ಒಂದು ಕಡೆ, ಚಕ್ರ ಇನ್ನೊಂದು ಕಡೆ. ಆ ಇಳಿಜಾರಿನ ತಿರುವಿನ ಪಕ್ಕದಲ್ಲೇ ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆ, ಬೇಲಿಯಿಲ್ಲದ, ಗೋಡೆಯಂತೆ ನೆಟ್ಟಗೆ ಕಡಿದ ಗುಂಡಿ. ಒಂದು ಮಾತು ಹೇಳಿದರೆ ಸಾಕಿತ್ತು. ಹೇಳಿದರೆ ಯಾಕೆ ಬಿಚ್ಚಿದ್ದು ಎಂದೂ ಹೇಳಬೇಕು. ಮೇಲೆ ನೀರು ಕುಡಿಯಲು ಇಳಿಯುತ್ತಾರಲ್ಲ, ಆಗ ಗೊತ್ತಾಗದ ಹಾಗೆ ಬಿಗಿದರಾಯಿತು ಎಂದು ಅವನು ಬಾಯಿ ಮುಚ್ಚಿಕೊಂಡ.

ಪದವಿನ ಮೇಲೆ ಮಾಷ್ಟ್ರು ನೀರು ಕುಡಿದರು, ಸೈಕಲಿನಿಂದ ಇಳಿಯಲಿಲ್ಲ. ಸೀಟಿನ ಮೇಲೆಯೇ ಕೂತು, ಒಂದು ಕಾಲು ನೆಲಕ್ಕೆ ಕೊಟ್ಟು, ದೂರದಲ್ಲಿ ಕಾಣುವ ಕಡಲಿನ ಕಡೆ ಮುಖ ಮಾಡಿ, "ಎಂತ ಗಾಳಿ ಅಲ್ವಾ!" ಎಂದರು. ಮಕ್ಕಳಿಗೆ ಶಾಲೆ ಬಿಟ್ಟಾಗ ಇರುವಂಥ ಖುಷಿ ಅವರ ಮುಖದಲ್ಲಿತ್ತು.

"ಮಾಷ್ಟ್ರೇ, ಸ್ವಲ್ಪ ಇಳಿತೀರಾ, ನಿಮ್ಮ ಬ್ರೇಕ್ ನೋಡುವ," ಎಂದ ಹಿಲರಿ. ಕೈ ಜೇಬಿನ ಅಲೆನ್ ಕೀಯ ಮೇಲಿತ್ತು.

"ಬ್ರೇಕ್ ಸರಿ ಉಂಟು ಮಾರಾಯ್ರೆ. ಹಿಂದೆ ಬನ್ನಿ!" ಎಂದವರೇ ಪೆಡಲಿನ ಮೇಲೆ ಎದ್ದು ನಿಂತು ಇಳಿಜಾರಿಗೆ ಬಿಟ್ಟರು.

ಹಿಲರಿಯ ಮಾನ ಮರ್ಯಾದೆ ಎಲ್ಲ ಆಗ ಗಾಳಿಗೆ ಹೋಯಿತು. "ನಿಲ್ಲಿ! ಮಾಷ್ಟ್ರೇ, ನಿಲ್ಲಿ! ಹ್ಯಾಂಡಲ್ ಲೂಸ್ ಉಂಟು! ತಿರುಗಿಸ್ಬೇಡಿ!" ಎಂದು ಇಡೀ ಪದವಿಗೆ ಕೇಳುವ ಹಾಗೆ ಕಿರುಚಿದ. ಮಾಷ್ಟ್ರು ಎರಡೂ ಬ್ರೇಕು ಒತ್ತಿದರು. ಹಿಂದಿನ ಚಕ್ರ ಹರಳಿನ ಮೇಲೆ ಜರ್ರನೆ ಜಾರಿತು, ಕೆಂಪು ಧೂಳೆದ್ದಿತು. ತಿರುವಿಗೆ ಇನ್ನೂ ಸ್ವಲ್ಪ ದೂರ ಇರುವಾಗ ಸೈಕಲ್ ಅಡ್ಡವಾಗಿ ನಿಂತಿತು.

ಹಿಲರಿ ಓಡಿಕೊಂಡೇ ಬಂದ. ಮಾಷ್ಟ್ರು ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಹಿಡಿದು ಹ್ಯಾಂಡಲನ್ನು ತಿರುಗಿಸಿ ನೋಡಿದರು. ಹ್ಯಾಂಡಲು ತಿರುಗಿತು, ಚಕ್ರ ಅಲ್ಲಾಡಲಿಲ್ಲ. ಅವರು ಕೋರೆಯ ಕಡೆ ಒಮ್ಮೆ ನೋಡಿದರು, ಹಣೆಯ ಬೆವರು ಒರೆಸಿಕೊಂಡರು. ಆಮೇಲೆ ನಿಧಾನವಾಗಿ ಕೇಳಿದರು:

"ನಿಮಗೆ ಹೇಗೆ ಗೊತ್ತಾಯ್ತು?"

ಸದ್ದು ಕೇಳಿತು ಎನ್ನಬಹುದಿತ್ತು. ಹಿಂದಿನಿಂದ ಅಲ್ಲಾಡುವುದು ಕಂಡಿತು ಎನ್ನಬಹುದಿತ್ತು. ನಂಬುವವರು ಮಾಷ್ಟ್ರು, ಎಂಥ ಸುಳ್ಳನ್ನೂ ನಂಬುತ್ತಿದ್ದರು. ಅದು ಗೊತ್ತಿದ್ದದ್ದರಿಂದಲೇ ಹಿಲರಿಗೆ ಸುಳ್ಳು ಬಾಯಿಗೆ ಬರಲಿಲ್ಲ. ತುಂಡಾದ ಗೆರೆ, ಹಸಿರು ಗ್ರೀಸು, ತುಕ್ಕಿನ ಬೇರಿಂಗು, ಬೆರಳಿನಲ್ಲಿ ತಿರುಗಿಸಿದ ಬೋಲ್ಟು, ಎಲ್ಲವನ್ನೂ ನೆಲ ನೋಡುತ್ತ ಹೇಳಿದ.

"ನೀವು ಗೋವಾಕ್ಕೆ ಹೋದ ಮರುದಿನ ಜೋರು ಮಳೆ," ಎಂದರು ಮಾಷ್ಟ್ರು. "ಜಗಲಿಗೆಲ್ಲ ಎರಚಲು ಹೊಡೆದು ನಿಮ್ಮ ಸೈಕಲ್ ಚಂಡಿ ಆಗಿತ್ತು. ನನ್ನದಕ್ಕೆ ಹಿಡಿದ ಹಾಗೆ ನಿಮ್ಮದಕ್ಕೂ ತುಕ್ಕು ಹಿಡಿಯುವುದು ಬೇಡ ಅಂತ ಬಿಚ್ಚಿ, ಒರೆಸಿ, ಗ್ರೀಸ್ ಹಾಕಿ ಬಿಗಿದೆ. ಹೇಳಿದ್ರೆ ನಿಮಗೆ ಸುಮ್ಮನೆ ತಲೆಬಿಸಿ ಅಂತ ಹೇಳ್ಲಿಲ್ಲ. ಹೇಳ್ಬೇಕಿತ್ತು."

ಹಿಲರಿ ಅಲೆನ್ ಕೀ ತೆಗೆದು ಬಗ್ಗಿದ. ಮಾಷ್ಟ್ರು ಕೈ ಚಾಚಿದರು. "ಕೊಡಿ. ನಾನು ಬಿಗಿತೇನೆ."

ಬಯ್ಯಲಿಲ್ಲ, ಸಿಟ್ಟು ಮಾಡಲಿಲ್ಲ. ಬಿಗಿದು, ಮತ್ತೊಮ್ಮೆ ಒತ್ತಿ ನೋಡಿ, ಕೀಯನ್ನು ಹಿಂದೆ ಕೊಟ್ಟರು. ಇಬ್ಬರೂ ಸೈಕಲ್ ನೂಕಿಕೊಂಡು ಇಳಿದರು. ಪೂಜೆಯ ಊಟಕ್ಕೆ ತಡವಾಗುತ್ತದೆಂದು ಮಾಷ್ಟ್ರು ಬೇಗ ಬೇಗ ನಡೆದರು, ಹಿಲರಿ ಹಿಂದೆ ಉಳಿದ.

ಮುಂದಿನ ಭಾನುವಾರ ಹೋಗುವುದೋ ಬೇಡವೋ ಎಂದು ಹಿಲರಿ ಹೊಸ್ತಿಲಿನಲ್ಲೇ ನಿಂತಿದ್ದಾಗ ಫೋನು ಬಂತು. "ಎಂತ, ಬರುದಿಲ್ವಾ?" ಮಾಷ್ಟ್ರ ಧ್ವನಿ ಎಂದಿನ ಹಾಗೆಯೇ ಇತ್ತು. ಹಿಲರಿಗೆ ಜೀವ ಬಂದ ಹಾಗಾಯಿತು. ಗೆರೆಗಳನ್ನು ನೋಡದೆಯೇ ಸೈಕಲ್ ಹತ್ತಿ ಹೊರಟ, ಕಟ್ಟಿದ ಮೇಲೆ ಮೊದಲ ಸಲ.

ಜಗಲಿಯಲ್ಲಿ ಸುಬ್ಬಲಕ್ಷ್ಮಿ ಎಂದಿನಂತೆ ಕಾಫಿ ಕೊಟ್ಟರು. ಮಾಷ್ಟ್ರು ನಗುತ್ತ ಬಂದು, ಸೈಕಲನ್ನು ಅಂಗಳಕ್ಕಿಳಿಸಿ, ಅದರ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. ಆಗ ಹಿಲರಿಗೆ ಕಂಡಿತು. ಹ್ಯಾಂಡಲಿನ ಬೋಲ್ಟು, ಸೀಟಿನ ಬೋಲ್ಟು, ಬ್ರೇಕಿನ ಬೋಲ್ಟು, ಒಂದೂ ಬಿಡದೆ ಎಲ್ಲದರ ಮೇಲೆ ಗುಲಾಬಿ ಬಣ್ಣದ ಸಣ್ಣ ಗೆರೆ. ಮಾಷ್ಟ್ರ ಮಗಳು ದೀಪಶ್ರೀಯ ಕ್ಯೂಟೆಕ್ಸ್ ಇರಬೇಕು. ಮಾಷ್ಟ್ರು ಒಂದೊಂದನ್ನೇ ಬೆರಳಿನಿಂದ ಮುಟ್ಟುತ್ತ ಹೋದರು, ಹಿಲರಿ ಮುಟ್ಟುವ ಕ್ರಮದಲ್ಲಿಯೇ. ಎಷ್ಟೋ ಜನರಿಗೆ ಹೀಗೆ ಮಾಡಿ ಎಂದು ಅವನು ಹೇಳಿ ಹೇಳಿ ಸಾಕಾಗಿತ್ತು, ಒಬ್ಬರೂ ಮಾಡಿರಲಿಲ್ಲ. ಈಗ ಮಾಡುತ್ತಿದ್ದವರು, ನೀವು ಬಿಗಿದ ಬೋಲ್ಟಿಗೆ ಗೆರೆ ಎಂತಕ್ಕೆ ಎಂದು ನಕ್ಕಿದ್ದವರು. ನೋಡುತ್ತ ಅವನಿಗೆ ಅಳು ಬಂತು.

"ಸರಿ ಉಂಟಾ?" ಎಂದು ಕೇಳಿದ, ಏನಾದರೂ ಕೇಳಬೇಕಲ್ಲ.

"ಸರಿ ಉಂಟು," ಎಂದರು ಮಾಷ್ಟ್ರು, ಎದ್ದು ಕೈ ಕೊಡವಿಕೊಳ್ಳುತ್ತ. "ನಿನ್ನೆ ಸಂಜೆ ನೋಡಿದ ಹಾಗೆಯೇ ಉಂಟು. ಹೋಗುವನಾ?"

ಹಿಲರಿ ಕಾಫಿ ಲೋಟವನ್ನು ಜಗಲಿಯಲ್ಲಿಟ್ಟು, ಮಾಷ್ಟ್ರ ಸೈಕಲಿನಿಂದ ಸ್ವಲ್ಪ ದೂರ ಸರಿದು ನಿಂತು, ತನ್ನದನ್ನು ಹತ್ತಿದ.