ಮೊದಲು ಮೈ ಬೆಚ್ಚಗಾಗಲಿ

ಮಣಿಪುರದ ಕಾಕ್ಚಿಂಗ್ ಪೇಟೆಯ ಹಿಂದಿನ ಓಣಿಯಲ್ಲಿ ಮಂಜು ಇನ್ನೂ ಕರಗಿಲ್ಲ. ಯುಮ್ನಾಮ್ ಪಿಶಕ್ ತಗಡಿನ ಗೇಟಿನ ಚಿಲಕ ತೆಗೆದು, ಅಂಗಳ ಗುಡಿಸಿ, ಹಿತ್ತಿಲ ಜಗಲಿಯಲ್ಲಿ ಕೂತು ಮಣ್ಣಿನ ಅಗ್ಗಿಷ್ಟಿಕೆ ಊದುತ್ತಿದ್ದಾರೆ. ವಯಸ್ಸು ಐವತ್ತೆಂಟು. ಸೊಂಟಕ್ಕೆ ಸುತ್ತಿದ ಫನೆಕ್ಕಿನ ಮೇಲೆ ಗಂಡನ ಹಳೆಯ ಸ್ವೆಟರು, ಕೊರಳಲ್ಲಿ ಬೀರುವಿನ ಕೀಲಿ. ಮಾತ್ರೆಗಳಿರುವುದು ಆ ಬೀರುವಿನಲ್ಲಿ. ಆದರೆ ಕೆಂಡ ಕೆಂಪಾಗುವವರೆಗೆ ಅವರು ಅದರತ್ತ ತಿರುಗಿಯೂ ನೋಡುವುದಿಲ್ಲ.

ಇಲ್ಲಿನವರು ನಂಬರ್ ಫೋರ್ ಎನ್ನುವ ಹೆರಾಯಿನ್‌ನಿಂದ ಹೊರಬರಲು ಒದ್ದಾಡುವವರಿಗೆ ಬುಪ್ರೆನಾರ್ಫಿನ್ ಮಾತ್ರೆ ಕೊಡುವ ಕೇಂದ್ರ ಇದು. ಪಿಶಕ್ ಇಲ್ಲಿಯ ನರ್ಸ್, ಹದಿನೇಳು ವರ್ಷದಿಂದ. ದಿನಕ್ಕೆ ನೂರ ನಲವತ್ತಮೂರು ಮಂದಿ ಬರುತ್ತಾರೆ, ಅವರಲ್ಲಿ ಹನ್ನೊಂದು ಹೆಂಗಸರು. ಭಾನುವಾರ ರಜೆಯಿಲ್ಲ, ಹಬ್ಬಕ್ಕೆ ರಜೆಯಿಲ್ಲ. ಬಂದ್ ಇದ್ದ ದಿನವೂ ಪಿಶಕ್ ಗದ್ದೆಯ ಬದುವಿನ ಮೇಲೆ ನಡೆದು ಬಂದು ಗೇಟು ತೆಗೆಯುತ್ತಾರೆ. ಒಂದು ದಿನ ಮಾತ್ರೆ ತಪ್ಪಿದವರು ಮರುದಿನ ಎಲ್ಲಿಗೆ ಹೋಗುತ್ತಾರೆಂದು ಅವರಿಗೆ ಚೆನ್ನಾಗಿ ಗೊತ್ತು.

ಕೆಲಸ ನೋಡಲು ಸುಲಭ. ಮಾತ್ರೆಯನ್ನು ಪುಡಿ ಮಾಡಿ ನಾಲಿಗೆಯಡಿ ಹಾಕಬೇಕು. ಅದು ಕರಗಲು ಹತ್ತು ನಿಮಿಷ ಬೇಕು. ಅಷ್ಟು ಹೊತ್ತು ಮಾತಾಡುವಂತಿಲ್ಲ, ಉಗುಳು ನುಂಗುವಂತಿಲ್ಲ. ಬೆಂಚಿನ ಮೇಲೆ ಒಮ್ಮೆಗೆ ಆರು ಜನ ತುಟಿಪಿಟಕ್ಕೆನ್ನದೆ ಕೂತಿರುತ್ತಾರೆ, ಪಿಶಕ್ ಮಾತಾಡುತ್ತಿರುತ್ತಾರೆ. ಅಕ್ಕಪಕ್ಕದ ಮದುವೆ, ಮೀನಿನ ದರ, ತಮ್ಮ ಗಂಡ ನಿನ್ನೆ ಎರೊಂಬಾ ಗೊಜ್ಜಿಗೆ ಎರಡು ಸಲ ಉಪ್ಪು ಹಾಕಿ ಹಾಳು ಮಾಡಿದ್ದು, ಯಾವುದೂ ಬಿಟ್ಟುಹೋಗುವುದಿಲ್ಲ. ಆಮೇಲೆ ಒಬ್ಬೊಬ್ಬರೂ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಬೇಕು.

"ಗಂಡಸರು ಹತ್ತು ನಿಮಿಷ ಬಾಯ್ಮುಚ್ಕೊಂಡು ಹೆಂಗಸಿನ ಮಾತು ಕೇಳೋ ಜಾಗ ಇಡೀ ಮಣಿಪುರದಲ್ಲಿ ಇದೊಂದೇ" ಎಂದು ನಗುತ್ತಾನೆ ಬಡಗಿ ಮಣಿಹಾರ್. ಹನ್ನೊಂದು ವರ್ಷದಿಂದ ಬರುತ್ತಿರುವವನು. "ಇಚೆ ನಮ್ಮ ರೇಡಿಯೋ. ಆಫ್ ಮಾಡೋ ಗುಂಡಿ ಮಾತ್ರ ಇಲ್ಲ."

ಇಚೆ ಎಂದರೆ ಅಕ್ಕ. ತಮಗಿಂತ ದೊಡ್ಡವರೂ ಪಿಶಕ್ ಅವರನ್ನು ಹಾಗೆಯೇ ಕರೆಯುತ್ತಾರೆ.

ಒಂದು ಚಟ ಬಿಡಿಸಿ ಇನ್ನೊಂದು ಅಂಟಿಸುತ್ತಾರೆ ಎಂದು ಮೂಗು ಮುರಿಯುವವರಿಗೆ ಊರಲ್ಲಿ ಬರವಿಲ್ಲ. ಅಂಥವರೊಂದಿಗೆ ಪಿಶಕ್ ವಾದಕ್ಕೆ ನಿಲ್ಲುವುದಿಲ್ಲ, ಮಣಿಹಾರನ ಕಡೆ ಬೆರಳು ತೋರಿಸುತ್ತಾರೆ. "ಇವ್ನು ಮೊದಲು ಮನೆ ಬಾಗಿಲು ಕಿತ್ತು ಮಾರಿದ್ದ. ಈಗ ಊರವರ ಮನೆಗೆಲ್ಲ ಬಾಗಿಲು ಮಾಡಿಕೊಡ್ತಾನೆ. ನೀವು ಬಿ.ಪಿ. ಮಾತ್ರೆ ನುಂಗ್ತೀರಲ್ಲ, ಅದನ್ನ ಯಾವಾಗ ಬಿಡ್ತೀರಿ ಅಂತ ನಾನು ಕೇಳಿದೀನಾ?"

ಕಷ್ಟವಿರುವುದು ಮೊದಲ ದಿನದ ಮಾತ್ರೆಯಲ್ಲಿ. ಮೈಯಲ್ಲಿ ಹೆರಾಯಿನ್ ಇನ್ನೂ ಇರುವಾಗ ಅದನ್ನು ಕೊಟ್ಟರೆ, ಇದ್ದುದನ್ನೆಲ್ಲ ಅದು ಒಂದೇಟಿಗೆ ಒದ್ದು ಹೊರಹಾಕುತ್ತದೆ. ಮೆಲ್ಲಮೆಲ್ಲಗೆ ಬರಬೇಕಾದ ನರಳಾಟ ಅರ್ಧ ಗಂಟೆಯೊಳಗೆ ಒಟ್ಟಿಗೇ ಬಂದು ಮೇಲೆ ಬೀಳುತ್ತದೆ. ಹಾಗಾಗಿ ನರಳಾಟ ತಾನಾಗಿ ಶುರುವಾಗುವವರೆಗೆ ಕಾಯಬೇಕು. ಕೊನೆಯ ಸಲ ಯಾವಾಗ ತೆಗೆದುಕೊಂಡೆ ಎಂದು ಕೇಳಿದರೆ ಎಲ್ಲರೂ ಸುಳ್ಳು ಹೇಳುತ್ತಾರೆ, ಬೇಗ ಮಾತ್ರೆ ಸಿಗಲಿ ಎಂದು. ಅದಕ್ಕೇ ಪಿಶಕ್ ಬಾಯಿಮಾತು ನಂಬುವುದಿಲ್ಲ. ಕಣ್ಣಿನ ಪಾಪೆ, ಆಕಳಿಕೆ, ಸೋರುವ ಮೂಗು, ತೋಳಿನ ಮೇಲೆ ಏಳುವ ಮುಳ್ಳು, ಇವನ್ನು ನೋಡುತ್ತಾರೆ. ಚೀಟಿ ಬರೆಯುವವರು ಡಾಕ್ಟರ್ ಹೇಮಜಿತ್. ಆದರೆ "ಇಚೆ ಏನಂತಾರೆ?" ಎಂದು ಕೇಳದೆ ಅವರು ಪೆನ್ನು ಮುಟ್ಟುವುದಿಲ್ಲ.

ಇವತ್ತು ಹೊಸಬಳೊಬ್ಬಳು ಬಂದಿದ್ದಾಳೆ. ಲಿಂಥೋಯ್, ಇಪ್ಪತ್ತೊಂಬತ್ತು ವರ್ಷ, ನೇಯ್ಗೆಯವಳು. ಚಟ ಹತ್ತಿಸಿದ ಗಂಡ ಮೂರು ವರ್ಷದ ಹಿಂದೆ ತೀರಿಕೊಂಡ. ಆರು ವರ್ಷದ ಮಗಳು ತಾಯಿಯ ಮನೆಯಲ್ಲಿದ್ದಾಳೆ. ಮೈ ಸರಿಯಾಗುವವರೆಗೆ ಮಗುವನ್ನು ನೋಡಲು ಬರಬೇಡ ಎಂದು ತಾಯಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಾರೆ. ಲಿಂಥೋಯ್ ಹಿಂದೆ ಎರಡು ಸಲ ಈ ಗೇಟಿನವರೆಗೆ ಬಂದು ವಾಪಸು ಹೋದವಳು.

"ನಿನ್ನೆ ಸಂಜೆ ತಗೊಂಡಿದ್ದು ಇಚೆ, ಆಣೆಗೂ. ನೋಡಿ, ಮೈಯೆಲ್ಲ ಮುಳ್ಳು" ಎಂದು ತೋಳು ಚಾಚುತ್ತಾಳೆ. ನಿಜಕ್ಕೂ ಮುಳ್ಳೆದ್ದಿದೆ.

"ಮಂಜಲ್ಲಿ ನಡ್ಕೊಂಡು ಬಂದ್ರೆ ನನಗೂ ಏಳುತ್ತೆ. ಇಲ್ಲಿ ಬಾ, ಬೆಂಕಿ ಹತ್ರ ಕೂತ್ಕೋ. ಮೊದಲು ಮೈ ಬೆಚ್ಚಗಾಗಲಿ."

ಕಾಲು ಗಂಟೆ ಕಳೆಯುತ್ತದೆ. ಪಿಶಕ್ ಬಂದು ತೋಳಿನ ಮೇಲೆ ಅಂಗೈ ಆಡಿಸಿದರೆ ಚರ್ಮ ನುಣ್ಣಗಿದೆ. "ನಿನ್ನೆ ಸಂಜೆ ಅಂದೆ. ಸರಿಯಾಗಿ ಹೇಳು, ಬೈಯಲ್ಲ."

ಲಿಂಥೋಯ್ ಕೆಂಡ ನೋಡುತ್ತಾಳೆ. "ಬೆಳಗಿನ ಜಾವ ಮೂರು ಗಂಟೆ."

"ಹಾಗಿದ್ರೆ ಮಧ್ಯಾಹ್ನದವರೆಗೆ ನನ್ನ ಜೊತೆ ಇರ್ತೀಯ. ಸುಮ್ನೆ ಕೂರಬೇಡ" ಎಂದು ಪಿಶಕ್ ಒಂದು ಚಾಕು, ಒಂದು ಬುಟ್ಟಿ ಯೊಂಗ್‌ಚಾಕ್ ತಂದು ಮುಂದಿಡುತ್ತಾರೆ. ಮೊಳದುದ್ದದ ಈ ಹಸಿರು ಕಾಯಿಯ ಮೇಲಿನ ಸಿಪ್ಪೆ ಹೆರೆಯುವುದು ತಾಳ್ಮೆಯ ಕೆಲಸ, ಕೈಗೆ ಕೆಲಸವಿದ್ದರೆ ಹೊತ್ತು ಹೋಗುತ್ತದೆ. ಕಾಯುವವರಿಗೆಲ್ಲ ಇಲ್ಲಿ ಇದೇ ಕೆಲಸ. ಚಳಿಗಾಲದಲ್ಲಿ ಪಿಶಕ್ ಮನೆಯಲ್ಲಿ ಮಾಡುವ ಸಿಂಗ್ಜು ಕೋಸಂಬರಿಯ ಕಾಯೆಲ್ಲ ಹೀಗೆ ಹೆರೆಸಿಕೊಂಡದ್ದೇ ಎಂದು ಮಣಿಹಾರ್ ಚುಡಾಯಿಸುತ್ತಾನೆ.

ಈ ಅಗ್ಗಿಷ್ಟಿಕೆಗೆ ಒಂದು ಕಾರಣವಿದೆ. ಅದನ್ನು ಪಿಶಕ್ ಬೆಂಚಿನವರ ಮುಂದೆ ಹೇಳುವುದಿಲ್ಲ, ಒಬ್ಬರೇ ಇದ್ದಾಗ ಕೇಳಿದರೆ ಮಾತ್ರ ಹೇಳುತ್ತಾರೆ.

ಹದಿನಾರು ವರ್ಷದ ಹಿಂದೆ, ಇಂಥದೇ ಜನವರಿಯ ಬೆಳಗ್ಗೆ ಅವರ ಸ್ವಂತ ತಮ್ಮ ನಾವೊಚಾ ಇದೇ ಜಗಲಿಗೆ ಬಂದಿದ್ದ. ಅಕ್ಕ ಕರೆದೂ ಕರೆದೂ ಸಾಕಾದ ಮೇಲೆ ತಾನಾಗಿಯೇ ಬಂದಿದ್ದ. ತೆಳು ಅಂಗಿ, ನಡುಗುವ ಮೈ, ತೋಳಿನ ತುಂಬ ಮುಳ್ಳು. ರಾತ್ರಿಯಿಂದ ಮುಟ್ಟಿಲ್ಲ ಎಂದ. ಅಕ್ಕ ನಂಬಿದರು. ಅವರ ಮಾತು ನಂಬಿ ಆಗಿನ ಡಾಕ್ಟರು ಚೀಟಿ ಬರೆದರು.

"ಅದು ಬರೀ ಚಳಿಯ ಮುಳ್ಳು" ಎನ್ನುತ್ತಾರೆ ಪಿಶಕ್. ಇದ್ದಿಲು ಕೆದಕುತ್ತ, ತಲೆಯೆತ್ತದೆ. "ಅರ್ಧ ಗಂಟೆಗೆ ನೆಲದ ಮೇಲೆ ಬಿದ್ದು ಹೊರಳಾಡಿದ. 'ನನಗೆ ವಿಷ ಹಾಕಿದ್ಯಾ ಅಕ್ಕಾ' ಅಂದ. ಎದ್ದು ಆ ಗೇಟಿಂದ ಓಡಿದವನು ಮತ್ತೆ ನಮ್ಮ ಕೈಯ ನೀರೂ ಕುಡೀಲಿಲ್ಲ. ಮಾರ್ಚ್‌ನಲ್ಲಿ ಹೋದ. ಸೂಜಿ ಕೈಯಲ್ಲೇ ಇತ್ತಂತೆ."

ತಪ್ಪು ಯಾರದೂ ಅಲ್ಲ ಎಂದು ಎಲ್ಲರೂ ಹೇಳಿದರು. ಪಿಶಕ್‌ಗೆ ಆ ಸಮಾಧಾನ ಬೇಕಿರಲಿಲ್ಲ. ಕೆಲಸ ಬಿಡುತ್ತೇನೆಂದು ಒಂದು ವಾರ ಮನೆಯಲ್ಲಿ ಕೂತರು. ಎಂಟನೆಯ ದಿನ ಸಂತೆಗೆ ಹೋಗಿ ಈ ಅಗ್ಗಿಷ್ಟಿಕೆ ಕೊಂಡು, ತಲೆಯ ಮೇಲೆ ಹೊತ್ತು ಕೇಂದ್ರಕ್ಕೆ ಬಂದರು. ಬೆಂಕಿಯ ಪಕ್ಕ ಕೂತ ಮೇಲೂ ಇಳಿಯದ ಮುಳ್ಳು ಮಾತ್ರ ನಿಜವಾದದ್ದು. ಅವತ್ತಿನಿಂದ ಇದು ಅವರ ಲೆಕ್ಕ. ಯಾವ ತರಬೇತಿಯಲ್ಲೂ ಇದನ್ನು ಕಲಿಸಿರಲಿಲ್ಲ.

ಹತ್ತು ಗಂಟೆಗೆ ಲಿಂಥೋಯ್‌ಗೆ ಆಕಳಿಕೆ ಶುರು. ಹನ್ನೊಂದಕ್ಕೆ ಮೂಗು, ಕಣ್ಣು ಸೋರುತ್ತವೆ. ಹನ್ನೆರಡಕ್ಕೆ ಅವಳು ಚಾಕು ಎಸೆದು ಎದ್ದೇಬಿಡುತ್ತಾಳೆ. "ನೀವು ಮನುಷ್ಯರೇನಾ? ಬೀರು ಅಲ್ಲೇ ಇದೆ, ಕೀಲಿ ಕೊರಳಲ್ಲೇ ಇದೆ. ನಾನು ಸಾಯೋದು ನೋಡ್ತಾ ಕೂತಿದೀರಾ?"

ಪಿಶಕ್ ಗೇಟಿಗೆ ಅಡ್ಡ ನಿಲ್ಲುವುದಿಲ್ಲ. ಹಿಡಿದು ಕೂರಿಸಿದವರು ಯಾರೂ ಉಳಿಯುವುದಿಲ್ಲ ಎಂಬುದು ಅವರಿಗೆ ಅನುಭವ. ಕೊರಳಿನ ಕೀಲಿಯನ್ನು ಮಾತ್ರ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಾರೆ. "ಹೋಗೋದಾದ್ರೆ ಹೋಗು ತಾಯಿ. ಆದ್ರೆ ಈಗ ಕೊಟ್ರೆ ನಿನಗೆ ಇದರ ಹತ್ತರಷ್ಟು ಆಗುತ್ತೆ. ನಾನು ಕಣ್ಣಾರೆ ನೋಡಿದೀನಿ. ನಮ್ಮನೆ ಹುಡುಗನಿಗೇ ಆಗಿದ್ದು. ಇನ್ನೊಂದು ಗಂಟೆ. ಬೈಯೋದಿದ್ರೆ ಕೂತು ಬೈಯಿ, ನಾನೂ ಕೂತ್ಕೋತೀನಿ."

ಲಿಂಥೋಯ್ ಗೇಟಿನ ಚಿಲಕದ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ, ಬಹಳ ಹೊತ್ತು. ಆಮೇಲೆ ಬಂದು ಬೆಂಕಿಯ ಮುಂದೆ ಕುಕ್ಕರುಬಡಿದು ಅಳುತ್ತಾಳೆ. ಪಿಶಕ್ ತಮ್ಮ ಸ್ವೆಟರು ಬಿಚ್ಚಿ ಅವಳ ಬೆನ್ನಿಗೆ ಹೊದಿಸಿ, ಚಾಕು ಹುಡುಕಿ ತಂದು ತಾವೇ ಕಾಯಿ ಹೆರೆಯುತ್ತ ಪಕ್ಕದಲ್ಲಿ ಕೂರುತ್ತಾರೆ.

ಒಂದು ಗಂಟೆ ಹತ್ತು ನಿಮಿಷಕ್ಕೆ, ಕೆಂಡದ ಮುಂದೆ ಬೆವರುತ್ತಿರುವ ಆ ತೋಳಿನ ಮೇಲೆ ಮುಳ್ಳು ಏಳುತ್ತದೆ. ಪಿಶಕ್ ಅಂಗೈಯಿಂದ ಉಜ್ಜುತ್ತಾರೆ. ಇಳಿಯುವುದಿಲ್ಲ. ಮತ್ತೆ ಉಜ್ಜುತ್ತಾರೆ. ಕಣ್ಣಿನ ಪಾಪೆ ನೋಡುತ್ತಾರೆ, ನಾಡಿ ಹಿಡಿಯುತ್ತಾರೆ. "ಡಾಕ್ಟ್ರೇ, ಬನ್ನಿ. ಇದು ಚಳಿಯದಲ್ಲ."

ಪುಡಿ ನಾಲಿಗೆಯಡಿ ಸೇರುತ್ತದೆ. ಮುಂದಿನ ಅರ್ಧ ಗಂಟೆ ಪಿಶಕ್ ಅವಳ ಮುಖದಿಂದ ಕಣ್ಣು ಕೀಳುವುದಿಲ್ಲ. ಮೊದಲು ಆಕಳಿಕೆ ನಿಲ್ಲುತ್ತದೆ, ಆಮೇಲೆ ಮೊಣಕಾಲಿನ ನಡುಕ. ಎರಡು ಗಂಟೆಯ ಹೊತ್ತಿಗೆ ಲಿಂಥೋಯ್ "ಹಸಿವಾಗ್ತಿದೆ" ಎನ್ನುತ್ತಾಳೆ, ತನಗೇ ಆಶ್ಚರ್ಯವಾದವಳಂತೆ. ಪಿಶಕ್ ತಮ್ಮ ಬುತ್ತಿ ಬಿಚ್ಚುತ್ತಾರೆ. ಅನ್ನ, ಸಾಸಿವೆ ಸೊಪ್ಪಿನ ಕಾಂಗ್ಸೋಯ್ ಸಾರು. ಅವಳು ಒಂದಗುಳೂ ಬಿಡದೆ ತಿನ್ನುತ್ತಾಳೆ, ಪಿಶಕ್ ಚಹಾ ಕುಡಿದು ಹೊಟ್ಟೆ ತುಂಬಿಸಿಕೊಳ್ಳುತ್ತಾರೆ.

ಇನ್ನೆರಡು ವರ್ಷಕ್ಕೆ ನಿವೃತ್ತಿ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಅವರಿಗೆ ನಗು. "ಸನ್ಮಾನ, ಶಾಲು ಎಲ್ಲ ಬೇಡಪ್ಪ. ಮೊದಲ ಮಾತ್ರೆ ಎಲ್ಲರೂ ತಗೋತಾರೆ. ಎರಡನೇ ದಿನ ಬರೋದು ಕಷ್ಟ. ನಾವೊಚಾ ಬರಲಿಲ್ಲ. ನಾಳೆ ಬೆಳಗ್ಗೆ ಇವಳು ಬರಲಿ, ಅಷ್ಟು ಸಾಕು."

ಮರುದಿನ ಮಂಜು ಇನ್ನೂ ದಟ್ಟ. ಪಿಶಕ್ ಎಂದಿಗಿಂತ ಬೇಗ ಬಂದಿದ್ದಾರೆ. ಅಂಗಳ ಗುಡಿಸಿ ಆಗಿದೆ, ಕೆಂಡವೂ ಆಗಿದೆ. ಬೆಂಚು ಎರಡು ಸಲ ತುಂಬಿ ಖಾಲಿಯಾಗಿದೆ. ಪಿಶಕ್ ಮಾತಾಡುತ್ತಿದ್ದಾರೆ, ಆದರೆ ಇವತ್ತು ಒಂದೇ ಮದುವೆಯ ಕಥೆಯನ್ನು ಎರಡು ಸಲ ಹೇಳಿದ್ದಾರೆ. ಕಣ್ಣು ಗೇಟಿನ ಮೇಲಿದೆ.

ಏಳೂವರೆಗೆ ಚಿಲಕದ ಸದ್ದು. ಲಿಂಥೋಯ್. ತಲೆ ಬಾಚಿದ್ದಾಳೆ. ಮೈಮೇಲೆ ನಿನ್ನೆಯ ಸ್ವೆಟರು, ಕೈಯಲ್ಲಿ ಮನೆಯಿಂದ ತಂದ ಚಾಕು. "ನಿಮ್ಮದು ಮೊಂಡು, ಇಚೆ. ನಿನ್ನೆ ಅರ್ಧ ಬುಟ್ಟಿ ಹಾಗೇ ಉಳೀತಲ್ಲ."

ಯಾರೂ ಹೇಳದೆಯೇ ಅವಳು ಅಗ್ಗಿಷ್ಟಿಕೆಯ ಪಕ್ಕ ಕೂತು ಸ್ವೆಟರಿನ ತೋಳು ಮಡಚಿ ಕೈ ಚಾಚುತ್ತಾಳೆ. ಪಿಶಕ್ ಅಂಗೈ ಆಡಿಸುತ್ತಾರೆ. ನುಣ್ಣಗಿದೆ. ನಿನ್ನೆಯ ಮಾತ್ರೆ ಇನ್ನೂ ಮೈ ಹಿಡಿದಿದೆ, ಇನ್ನು ಮುಳ್ಳಿಗೆ ಕಾಯಬೇಕಿಲ್ಲ. ಡಾಕ್ಟರ ಚೀಟಿ ನೋಡಿ, ಮಾತ್ರೆ ಪುಡಿ ಮಾಡಿ ನಾಲಿಗೆಯಡಿ ಹಾಕುತ್ತಾರೆ. ಲಿಂಥೋಯ್ ಬಾಯಿ ಮುಚ್ಚಿ ಕಾಯಿ ಹೆರೆಯತೊಡಗುತ್ತಾಳೆ. ಪಿಶಕ್ ಅವಳ ಎದುರು ಕೂತು, ಒಂದು ಮಾತೂ ಆಡದೆ ಅವಳ ಕೈಯನ್ನೇ ನೋಡುತ್ತಿದ್ದಾರೆ.

ಸರದಿಗಾಗಿ ಕಾಯುತ್ತಿರುವ ಮಣಿಹಾರ್ ಕತ್ತು ಚಾಚಿ ಇಣುಕುತ್ತಾನೆ. "ಏನಿಚೆ, ಇವತ್ತು ರೇಡಿಯೋ ಕೆಟ್ಟಿದೆಯಾ?"

"ಸುಮ್ನೆ ಕೂತ್ಕೊಳ್ಳೋ" ಎನ್ನುತ್ತಾರೆ ಪಿಶಕ್, ಮುಂಗೈಯಿಂದ ಕಣ್ಣೊರೆಸಿಕೊಂಡು. "ಎರಡನೇ ದಿನ ಬಂದಿದಾಳೆ."